ಉಪ್ಪು ಬಿದ್ದ ವಾರ

ಫೆಬ್ರವರಿ 1, ಭಾನುವಾರ

ಅಮ್ಮನಿಗೆ,

ಇಲ್ಲಿ ತಿಂಗಳಿಗೆ ಒಂದೇ ಪತ್ರ. ಮೊದಲ ಭಾನುವಾರ, ಒಂದು ಹಾಳೆ, ಎರಡು ಮಗ್ಗುಲು. ಲಕೋಟೆಯನ್ನು ಅಂಟಿಸದೆ ಕೊಡಬೇಕು. ಹೊಸಬರನ್ನು ತಿದ್ದುವ ಹೊಣೆ ಹೊತ್ತ ಸಿಸ್ಟರ್ ಓದಿ ಅಂಟಿಸುತ್ತಾರೆ. ನೀನು ಬರೆದದ್ದೂ ಅವರ ಕೈ ದಾಟಿಯೇ ನನಗೆ ಬರುತ್ತದೆ. ಇದನ್ನು ಮೊದಲೇ ಹೇಳುತ್ತಿದ್ದೇನೆ. ಬರೆಯಬಾರದ್ದನ್ನು ಬರೆದು ಆಮೇಲೆ ನನ್ನ ಮೇಲೆ ಸಿಟ್ಟಾಗಬೇಡ.

ನಾನು ಕಾನ್ವೆಂಟಿಗೆ ಬಂದು ನಾಲ್ಕು ವಾರ. ಸಿಸ್ಟರ್‌ಗಳು ಇಪ್ಪತ್ತೆರಡು ಜನ, ಹೊಸಬರು ಮೂವರು. ನನ್ನ ಕೋಣೆ ನಮ್ಮ ಹಿಟ್ಟಿನ ಉಗ್ರಾಣದಷ್ಟಿದೆ. ಒಂದು ಮಂಚ, ಒಂದು ಕಿಟಕಿ, ಒಂದು ಮೊಳೆ, ಮೊಳೆಗೆ ಟವೆಲ್. ಕನ್ನಡಿಯಿಲ್ಲ. ಬೆಳಗ್ಗೆ ನಾಲ್ಕೂವರೆಗೆ ಗಂಟೆ ಹೊಡೆಯುತ್ತದೆ. ಉಳಿದಿಬ್ಬರು ಅಳುತ್ತ ಏಳುತ್ತಾರೆ. 'ಬೇಕರಿಯಲ್ಲಿ ಬೆಳೆದವಳಿಗೆ ನಾಲ್ಕೂವರೆ ಅಂದ್ರೆ ಮಧ್ಯಾಹ್ನ' ಎಂದೆ. ಯಾರೂ ನಗಲಿಲ್ಲ. ಅದು ಮೌನದ ಹೊತ್ತಂತೆ.

ಸದ್ಯಕ್ಕೆ ಬಟ್ಟೆ ಒಗೆಯುವ ಕೆಲಸ. ಪ್ರತಿ ಶುಕ್ರವಾರ ಎಲ್ಲರೂ ಸಾಲಾಗಿ ಮೊಣಕಾಲೂರಿ ಆ ವಾರದ ತಪ್ಪುಗಳನ್ನು ಗಟ್ಟಿಯಾಗಿ ಹೇಳಬೇಕು. ಮನಸ್ಸಿನ ಪಾಪಗಳನ್ನಲ್ಲ, ಕಣ್ಣಿಗೆ ಕಾಣುವಂಥವನ್ನು: ಬಾಗಿಲು ಬಡಿದೆ, ಲೋಟ ಒಡೆದೆ, ಮೆಟ್ಟಿಲ ಮೇಲೆ ಓಡಿದೆ. ನಾಲ್ಕು ಶುಕ್ರವಾರವೂ ನನ್ನದು ಒಂದೇ: 'ಕೇಳದೆ ಮಾತಾಡಿದೆ.'

'ಇದೊಂದನ್ನೇ ಎಷ್ಟು ವಾರ ಹೇಳ್ತೀಯಮ್ಮ?' ಎಂದರು ಮದರ್. ಅವರು ಈ ಮನೆಯ ಯಜಮಾನಿ.

'ಬೇರೆ ತಪ್ಪು ಮಾಡೋ ತನಕ, ಮದರ್.'

ಅದನ್ನೂ ಮುಂದಿನ ಶುಕ್ರವಾರ ಹೇಳಬೇಕಾಯಿತು.

ನವೆಂಬರ್ ಕೊನೆಯಲ್ಲಿ ಮದರ್ ಮತ್ತು ನಾಲ್ವರು ಹಿರಿಯರು ಒಂದು ಮರದ ಪೆಟ್ಟಿಗೆಯೊಳಗೆ ತಲೆಗೊಂದು ಕಾಳು ಹಾಕುತ್ತಾರೆ. ಬಿಳಿ ಕಾಳು ಹೆಚ್ಚಾದರೆ ನನಗೆ ಉಡುಪು, ಬಿಳಿ ಮುಸುಕು. ಕರಿ ಹೆಚ್ಚಾದರೆ ಮನೆ. ನನಗೆ ಉಡುಪು ಬೇಕು. ನೀನು ಏನು ಬೇಡಿಕೊಳ್ಳುತ್ತಿದ್ದೀಯೆಂದು ಗೊತ್ತು. ಬೇಡಿಕೋ. ಇಬ್ಬರೂ ಒಬ್ಬನನ್ನೇ ಪೀಡಿಸುತ್ತಿದ್ದೇವೆ, ಅವನೇ ನೋಡಿಕೊಳ್ಳಲಿ.

ನಿನ್ನ ಮಗಳು


ಫೆಬ್ರವರಿ 12

ಕೆಂಡಾ,

ಮೊದಲು ಓದುವವರಿಗೆ ಮೊದಲ ನಮಸ್ಕಾರ. ಕತ್ತರಿ ಸಿಸ್ಟರ್, ನಾನು ಇವಳ ತಾಯಿ. ಹುಟ್ಟಿದ ದಿನ ಮುಟ್ಟಿದರೆ ಕೈ ಸುಡುವಷ್ಟು ಜ್ವರವಿತ್ತು, ಅದಕ್ಕೇ ಕೆಂಡ ಎಂದು ಕರೆದೆವು. ಜ್ವರ ಇಳಿಯಿತು, ಹೆಸರು ಇಳಿಯಲಿಲ್ಲ. ನೀವು ನನ್ನ ಪತ್ರವನ್ನು ಕತ್ತರಿಸುವುದಿದ್ದರೆ ನೇರವಾಗಿ ಕತ್ತರಿಸಿ, ಹರಿಯಬೇಡಿ.

ಇನ್ನು ನಿನಗೆ. ನಿನ್ನ ಸೋದರಮಾವ ಈಗ ವ್ಯಾನೂ ಓಡಿಸುತ್ತಾನೆ, ಹಿಟ್ಟೂ ನಾದುತ್ತಾನೆ. ಎರಡನ್ನೂ ಒಂದೇ ಥರ ಮಾಡುತ್ತಾನೆ. ಮೊನ್ನೆ ಮೇಷ್ಟ್ರು ಅಂಗಡಿಗೆ ಬಂದು, 'ಕಾಂಪೌಂಡು ಕಟ್ಟಿಸ್ತಿದ್ದೀನಿ, ನಿಮ್ಮ ಬ್ರೆಡ್ಡು ಇನ್ನೂರು ಕೊಡಿ' ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಏನು ಮಾಡಲಿ.

ನಿನ್ನಪ್ಪ ಹೋದಾಗ ನಿನಗೆ ಹದಿನಾಲ್ಕು. ಎಂಟು ವರ್ಷ ನಾವಿಬ್ಬರೂ ಒಂದೇ ತೊಟ್ಟಿಯ ಆಚೆ ಈಚೆ ನಿಂತು ನಾದಿದೆವು. ಎಡಗಡೆ ಹಿಟ್ಟಿನ ಮೂಟೆ, ಬಲಗಡೆ ಉಪ್ಪಿನ ಜಾಡಿ. ಕಣ್ಣು ಮುಚ್ಚಿ ಹಿಡಿ ತುಂಬಿದರೂ ತಕ್ಕಡಿ ಒಪ್ಪುವ ಕೈ ನಿನ್ನದು. ಅದು ದೇವರು ಕೊಟ್ಟದ್ದಲ್ಲ, ನಾನು ಬೆರಳಿನ ಗಿಣ್ಣಿಗೆ ಹೊಡೆದು ಕಲಿಸಿದ್ದು. ಆ ಕೈಯಲ್ಲಿ ಈಗ ಯಾರದೋ ಲಂಗ ಒಗೆಯುತ್ತಿದ್ದೀಯ.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ದೊಡ್ಡವರು ಹೇಳಿದ್ದನ್ನು ನಿಮ್ಮ ಮದರ್‌ಗೆ ಓದಿ ಹೇಳು. ದೇವರ ಮೇಲೆ ನನಗೆ ಹಗೆಯಿಲ್ಲ. ಭಾನುವಾರ ಪೂಜೆಗೆ ಹೋಗುತ್ತೇನೆ, ಬಾಗಿಲ ಹತ್ತಿರ ನಿಲ್ಲುತ್ತೇನೆ, ಪ್ರಸಾದ ತೆಗೆದುಕೊಂಡು ಬರುತ್ತೇನೆ. ಅಷ್ಟು ಸಾಲದೆ ಮಗಳನ್ನೂ ಕೊಡಬೇಕೆಂದು ಯಾರೂ ಮೊದಲೇ ಹೇಳಿರಲಿಲ್ಲ.

ನೀನು ಹೊರಟ ದಿನ ನಾನು ಹೊರಗೆ ಬಂದು ನಿನ್ನನ್ನು ಕಳಿಸಿಕೊಡಲಿಲ್ಲವೆಂದು ಚಿಕ್ಕಮ್ಮನ ಹತ್ತಿರ ಹೇಳಿದೆಯಂತೆ. ಭಟ್ಟಿಯಲ್ಲಿ ಬ್ರೆಡ್ಡಿತ್ತು.

ಅಮ್ಮ


ಮೇ 3, ಭಾನುವಾರ

ಅಮ್ಮನಿಗೆ,

ಮಾರ್ಚ್, ಏಪ್ರಿಲ್ ಎರಡು ಪತ್ರಕ್ಕೂ ಉತ್ತರವಿಲ್ಲ. ಮುನಿಸು ಇನ್ನೂ ಮುಗಿದಿಲ್ಲ ಎಂದುಕೊಂಡಿದ್ದೇನೆ. ಅಂದ ಹಾಗೆ, ನಾನು ಹೊರಟದ್ದು ಹತ್ತು ಗಂಟೆಗೆ. ಹತ್ತು ಗಂಟೆಗೆ ನಮ್ಮ ಭಟ್ಟಿಯಲ್ಲಿ ಏನೂ ಇರುವುದಿಲ್ಲ.

ನನಗೆ ಕೆಲಸ ಬದಲಾಗಿದೆ. ಪೂಜೆಯಲ್ಲಿ ನಾಲಿಗೆಯ ಮೇಲಿಡುವ ಓಸ್ತಿ ಎಲ್ಲಿಂದ ಬರುತ್ತದೆಂದು ನಾವು ಒಮ್ಮೆಯೂ ಕೇಳಿಕೊಳ್ಳಲಿಲ್ಲ ನೋಡು, ಬ್ರೆಡ್ಡಿನವರಾಗಿಯೂ. ಅದು ಬರುವುದು ಇಲ್ಲಿಂದ. ಅಡುಗೆಮನೆಯ ಪಕ್ಕದ ಉದ್ದನೆಯ ಕೋಣೆಯಲ್ಲಿ ಎರಡು ಕಬ್ಬಿಣದ ಅಚ್ಚುಗಳಿವೆ. ತೆಳ್ಳಗೆ ಕಲಸಿದ ಹಿಟ್ಟನ್ನು ಸುರಿದು ಮುಚ್ಚಿದರೆ ಹಬೆ ಸಿಳ್ಳೆ ಹಾಕುತ್ತದೆ, ಸಿಳ್ಳೆ ನಿಂತಾಗ ತೆಗೆದರೆ ಕಾಗದದಂಥ ಹಾಳೆ. ಮುಟ್ಟಿದರೆ ಪುಡಿಯಾಗುತ್ತದೆ. ಅದಕ್ಕೇ ಅದನ್ನು ಒದ್ದೆ ಬಟ್ಟೆ ತೂಗುಹಾಕಿದ ಕತ್ತಲೆ ಕೋಣೆಯಲ್ಲಿ ಒಂದು ದಿನ ಇಡುತ್ತೇವೆ. ತೇವ ಹೀರಿ ಮೆತ್ತಗಾದ ಮೇಲೆ ಪೆಡಲಿನ ಯಂತ್ರದಲ್ಲಿ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸುವುದು. ಉಳಿದ ಅಂಚುಗಳು ಭಾನುವಾರ ನಮ್ಮ ಕಾಫಿಗೆ.

ಗೋಧಿ ಹಿಟ್ಟು, ನೀರು. ಮೂರನೆಯದು ಇಲ್ಲ. ಈಸ್ಟ್ ಇಲ್ಲ, ಎಣ್ಣೆ ಇಲ್ಲ, ಸಕ್ಕರೆ ಇಲ್ಲ, ಉಪ್ಪೂ ಇಲ್ಲ. ಇದು ಈ ಮನೆಯ ನಿಯಮವಲ್ಲ, ಇಡೀ ಧರ್ಮಸಭೆಯದು.

ನನಗೆ ಕಲಿಸುವವರು ಎಲ್ಲರೂ ಅಜ್ಜಿ ಎಂದು ಕರೆಯುವ ಸಿಸ್ಟರ್. ಈ ಕೋಣೆಯಲ್ಲಿ ನಲವತ್ತೊಂದು ವರ್ಷ, ಬಾಯಲ್ಲಿ ಆರು ಹಲ್ಲು, ಮಾತೆಲ್ಲ ಮೌನದ ಹೊತ್ತಿನಲ್ಲೇ. ಮೊದಲ ದಿನವೇ ನನ್ನ ತೋಳು ಹಿಡಿದು ನೋಡಿದರು.

'ನೀನು ಬ್ರೆಡ್ಡಿನವಳಲ್ವೇ?'

'ಹೌದು ಸಿಸ್ಟರ್.'

'ಇಲ್ಲಿ ನಾದೋದಿಲ್ಲ ತಾಯಿ. ಇದು ಗಂಜಿ. ನಿನ್ನ ಪ್ರತಾಪ ಎಲ್ಲ ಹೊರಗಡೆ ಮೊಳೆಗೆ ನೇತುಹಾಕಿ ಬಾ.'

ವಾರಕ್ಕೆ ನಲವತ್ಮೂರು ಡಬ್ಬಿ, ನಲವತ್ಮೂರು ಚರ್ಚು. ಗುರುವಾರ ಹೊರಗೆ ಹೋಗುತ್ತವೆ. ನಮ್ಮ ಪೇಟೆಯ ಚರ್ಚಿನದು ಹದಿನೇಳನೆಯ ಡಬ್ಬಿ. ಅದನ್ನು ಕಟ್ಟುವಾಗ ನಾನು ವಿಶೇಷವಾಗಿ ಏನೂ ಮಾಡುವುದಿಲ್ಲ, ಬೇರೆ ಡಬ್ಬಿಗಳ ಹಾಗೆಯೇ ಕಟ್ಟುತ್ತೇನೆ. ನಿನಗೆ ಹೇಳಬೇಕೆನಿಸಿತು.

ನಿನ್ನ ಮಗಳು


ಜೂನ್ 14, ಭಾನುವಾರ

ಕೆಂಡಾ,

ಈಗಷ್ಟೇ ಪೂಜೆಯಿಂದ ಬಂದೆ. ಏಪ್ರನ್ ಕಟ್ಟದೆ ಬರೆಯುತ್ತಿದ್ದೇನೆ.

ಫಾದರ್ ಓಸ್ತಿಯನ್ನು ನಾಲಿಗೆಯ ಮೇಲಿಟ್ಟರು. ಉಪ್ಪು. ಮೊದಲು ನನ್ನ ಬಾಯಿಯೇ ಕೆಟ್ಟಿದೆ ಎಂದುಕೊಂಡೆ. ಆಮೇಲೆ ಅಳತೆ ಗೊತ್ತಾಯಿತು. ಯಾರೋ ಹಾಕಿದ ಉಪ್ಪಲ್ಲ, ನಮ್ಮ ಮನೆಯ ಹಿಡಿ. ಮೊಣಕಾಲೂರಿದವಳು ಏಳುವುದನ್ನೇ ಮರೆತೆ. ಹಿಂದಿದ್ದ ಹೂವಿನವಳು, 'ಏನಕ್ಕಾ, ಮಂಡಿ ಹಿಡ್ಕೊಂಡ್ತಾ?' ಎಂದಳು. 'ಹೂಂ ಕಣೇ, ವಯಸ್ಸಾಯ್ತಲ್ಲ' ಎಂದೆ.

ಐದು ತಿಂಗಳ ಮೇಲೆ ನಿನ್ನ ಕೈಯ ರುಚಿ ಕಂಡೆ.

ಹದಿನೇಳನೆಯ ಡಬ್ಬಿ ನಮ್ಮದೆಂದು ನೀನೇ ಬರೆದಿದ್ದೆ. ಕತ್ತರಿ ಇರುವಾಗ ಕಾಗದದಲ್ಲಿ ಹೇಳಲಾಗದ್ದನ್ನು ಹೀಗೆ ಹೇಳಿ ಕಳಿಸಿದ್ದೀಯ. ನನಗೆ ಅರ್ಥವಾಯಿತು. ಗುರುವಾರ ಬೆಳಗ್ಗೆ ನಿನ್ನ ಮಾವ ವ್ಯಾನು ತರುತ್ತಾನೆ. ಗಂಟು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿರು. ಯಾರೂ ಏನೂ ಕೇಳುವುದಿಲ್ಲ, ಕೇಳಿದವರಿಗೆ ಉತ್ತರ ಕೊಡಲು ನಾನಿದ್ದೇನೆ.

ಉಪ್ಪಿನ ವಿಷಯ ಯಾರಿಗೂ ಹೇಳಿಲ್ಲ. ಫಾದರ್‌ಗೆ ಶೀತ, ಅವರಿಗೇನೂ ತಿಳಿಯಲಿಲ್ಲ. ನೀನೂ ಹೇಳಬೇಡ. ಕತ್ತರಿ ಸಿಸ್ಟರ್, ನೀವೂ ಹೇಳಬೇಡಿ.

ಅಮ್ಮ


ಜೂನ್ 17, ಬುಧವಾರ

ಅಮ್ಮನಿಗೆ,

ತಿಂಗಳ ನಡುವೆ ಬರೆಯಲು ಅನುಮತಿ ಕೇಳಿದೆ, ಸಿಗಲಾರದೆಂದುಕೊಂಡಿದ್ದೆ, ಸಿಕ್ಕಿತು.

ಅದು ಸಂದೇಶವಾಗಿರಲಿಲ್ಲ. ತಪ್ಪು. ನಿನಗೆ ಬೇಸರವಾಗುತ್ತದೆಂದು ಗೊತ್ತಿದ್ದೂ ಮೊದಲು ಇದನ್ನೇ ಬರೆಯುತ್ತಿದ್ದೇನೆ.

ಹೋದ ವಾರ ಅಜ್ಜಿ ಸಿಸ್ಟರ್‌ಗೆ ಜ್ವರ. ನಮ್ಮ ಕೋಣೆಯ ನಲ್ಲಿಯೂ ಕೆಟ್ಟಿತ್ತು. ಮಂಗಳವಾರ ಇಡೀ ವಾರದ ಹಿಟ್ಟನ್ನು ನಾನೊಬ್ಬಳೇ ಅಡುಗೆಮನೆಯ ದೊಡ್ಡ ಪಾತ್ರೆಯಲ್ಲಿ ಕಲಸಿದೆ. ಎಡಗಡೆ ಹಿಟ್ಟಿನ ಮೂಟೆ ಇಟ್ಟುಕೊಂಡೆ. ಬಲಗಡೆ ಅಡುಗೆಯ ಉಪ್ಪಿನ ಜಾಡಿ ಇತ್ತು. ಉಳಿದದ್ದು ನಿನಗೆ ಗೊತ್ತು. ಹಾಕಿದ ನೆನಪೂ ನನಗಿಲ್ಲ. ಬಾಯಲ್ಲಿ ಜಪ ಹೇಳುತ್ತಿದ್ದೆ, ಕೈ ತನ್ನ ಪಾಡಿಗೆ ನಮ್ಮ ಮನೆಗೆ ಹೋಗಿಬಂದಿತ್ತು.

ಗುರುವಾರ ಡಬ್ಬಿಗಳು ಹೋದವು. ಭಾನುವಾರ ಕಾಫಿಗೆ ಅಂಚು ಬಡಿಸಿದರು. ಅಜ್ಜಿ ಸಿಸ್ಟರ್ ಒಂದು ಚೂರು ಬಾಯಿಗೆ ಹಾಕಿಕೊಂಡು, 'ನಲವತ್ತೊಂದು ವರ್ಷದಲ್ಲಿ ಇವತ್ತು ಮೊದಲ ಸಲ ರುಚಿಯಾಗಿದೆ ಕಣ್ರೇ' ಎಂದರು. ಎಲ್ಲರೂ ನಕ್ಕರು. ನಾನು ಎದ್ದು ನಿಂತೆ. ಊಟದ ಮನೆಯಲ್ಲಿ ಕೇಳದೆ ಮಾತಾಡಿದೆ.

ಮದರ್ ನನ್ನನ್ನು ಕೋಣೆಗೆ ಕರೆದರು. ಬೈಯಲಿಲ್ಲ. ಉಪ್ಪು ಬಿದ್ದರೆ ಪೂಜೆ ಸುಳ್ಳಾಗುವುದಿಲ್ಲ, ನಿಯಮ ಮಾತ್ರ ಮುರಿಯುತ್ತದೆ, ನಾವು ಗುರುಗಳಲ್ಲಿ ತಪ್ಪೊಪ್ಪಿಕೊಂಡರೆ ಸಾಕು ಎಂದರು. ಚರ್ಚುಗಳಿಗೆ ತಿಳಿಸುವುದು ಬೇಡ. ತಿಳಿಸಿದರೆ ಅವರು ಯಂತ್ರದಲ್ಲಿ ತಯಾರಿಸುವ ಕಾರ್ಖಾನೆಗೆ ಹೋಗುತ್ತಾರೆ, ನಮ್ಮ ಕೋಣೆ ಮುಚ್ಚುತ್ತದೆ, ಅಜ್ಜಿ ಸಿಸ್ಟರ್ ಕೈಕಟ್ಟಿ ಕೂರಬೇಕಾಗುತ್ತದೆ. ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ ಅಮ್ಮ. ಅದಕ್ಕೇ ಕಷ್ಟವಾಯಿತು.

ನಮ್ಮ ಅಂಗಡಿಯಲ್ಲಿ ಹಿಟ್ಟಿನ ತೊಟ್ಟಿಯ ಮೇಲೆ ಬಲ್ಬು ಒಡೆದ ಕಥೆ ಹೇಳಿದೆ. ಗಾಜು ಬಿತ್ತೋ ಇಲ್ಲವೋ ಎಂದೂ ಗೊತ್ತಿರಲಿಲ್ಲ, ಆದರೂ ನೀನು ಮನೆ ಮನೆಗೆ ನಡೆದು ಇನ್ನೂರು ಬ್ರೆಡ್ಡು ವಾಪಸು ತಂದೆಯಲ್ಲ, ಅದನ್ನು.

'ಗಾಜು ಬೇರೆ, ಉಪ್ಪು ಬೇರೆ. ಉಪ್ಪು ತಿಂದು ಯಾರೂ ಸಾಯಲ್ಲ' ಎಂದರು.

'ನಿಜ ಮದರ್. ಆದರೆ ಅವರು ನಮ್ಮನ್ನು ನಂಬಿ ಬಾಯಿ ತೆರೀತಾರೆ.'

'ವಿಧೇಯತೆ ಅಂದ್ರೇನು ಗೊತ್ತಾ ನಿನಗೆ?'

'ಗೊತ್ತು. ಅದಕ್ಕೇ ನಿಮಗೆ ಮೊದಲೇ ಹೇಳ್ತಿದ್ದೀನಿ. ಗುರುವಾರ ನಾನು ಅವರಿಗೆ ತಿಳಿಸ್ತೀನಿ. ಬೇಡ ಅಂದ್ರೆ ಬುಧವಾರವೇ ಮನೆಗೆ ಕಳಿಸಿಬಿಡಿ.'

ಇವತ್ತು ಬುಧವಾರ. ಸಂಜೆಯ ಗಂಟೆ ಹೊಡೆದಿದೆ, ಯಾರೂ ಕಳಿಸಿಲ್ಲ.

ನಾಳೆ ಮಾವ ಬರುತ್ತಾನೆ. ನಾನು ಗಂಟು ಕಟ್ಟಿಲ್ಲ, ಚೀಟಿ ಬರೆದಿದ್ದೇನೆ, ನಲವತ್ಮೂರು: 'ಜೂನ್ 11ರ ಡಬ್ಬಿಯಲ್ಲಿ ಉಪ್ಪು ಬಿದ್ದಿದೆ. ಹಾಕಿದ್ದು ನಾನು. ಬಳಸಬೇಡಿ, ಹಿಂದಿರುಗಿಸಿ.' ಅವನ ವ್ಯಾನು ನನಗೆ ಬೇಕು. ಎರಡು ದಿನ ನಿನ್ನ ಬ್ರೆಡ್ಡು ಮನೆಗಳಿಗೆ ತಲುಪುವುದಿಲ್ಲ. ಕ್ಷಮಿಸು ಎಂದು ಬರೆಯಬೇಕು. ಬರೆಯಲು ಮನಸ್ಸಾಗುತ್ತಿಲ್ಲ, ಏಕೆಂದರೆ ನೀನಾಗಿದ್ದರೂ ಇದನ್ನೇ ಮಾಡುತ್ತಿದ್ದೆ.

'ಹೇಳಬೇಡ' ಎಂದು ನೀನು ಬರೆದ ಸಾಲನ್ನು ನಾನು ಓದಿಲ್ಲ ಎಂದುಕೊಳ್ಳುತ್ತೇನೆ.

ನಿನ್ನ ಮಗಳು

ಪೂರ್ತಿ ಓದಿದ್ದೇನೆ. ಒಂದಕ್ಷರವನ್ನೂ ತೆಗೆದಿಲ್ಲ. — ಕತ್ತರಿ


ಜೂನ್ 22

ಕೆಂಡಾ,

ನಿನ್ನ ಮಾವ ಗುರುವಾರ ಬೆಳಗ್ಗೆ ಹೋದವನು ಶುಕ್ರವಾರ ಸಂಜೆ ಬಂದ. ವ್ಯಾನಿನ ಹಿಂದೆ ನೀನಿರಲಿಲ್ಲ, ಡಬ್ಬಿಗಳಿದ್ದವು.

'ಎಲ್ಲೋ ಅವಳು?'

'ನನ್ನ ಬೈಬೇಡ ಅಕ್ಕಾ. ನಿಮ್ಮಮ್ಮ ನನ್ನ ಕೊಂದುಹಾಕ್ತಾಳೆ ಅಂತ ಹೇಳ್ದೆ. ಅದಕ್ಕೆ ನಿನ್ನ ಮಗಳು ಏನಂದ್ಲು ಗೊತ್ತಾ? ಕೊಲ್ಲೋದು ಸಂಜೆಗೆ ಮಾವ, ಈಗಿನ್ನೂ ಹತ್ತು ಗಂಟೆ, ಅಂದ್ಲು.'

ಒಳಗಿನಿಂದ ನಾಲ್ಕು ಜನ ಕಿಟಕಿಯಲ್ಲಿ ನೋಡುತ್ತಿದ್ದರಂತೆ, ನೀನು ನಡುಬಾಗಿಲಲ್ಲಿ ನಿಂತು ಒಂದೊಂದೇ ಚೀಟಿ ಎಣಿಸಿ ಕೊಟ್ಟೆಯಂತೆ. ಇವನೋ ಹೋದ ಕಡೆಯೆಲ್ಲ ಚೀಟಿ ಕೊಟ್ಟು ಸುಮ್ಮನೆ ಬರುವವನಲ್ಲ. ನಲವತ್ಮೂರು ಕಡೆ ಕಥೆ ಹೇಳಿದ್ದಾನೆ, ಮೂವತ್ತು ಕಡೆ ಟೀ ಕುಡಿದಿದ್ದಾನೆ.

ಎರಡು ದಿನದ ಬ್ರೆಡ್ಡನ್ನು ಬೀದಿಯವರಿಗೆ ಹಂಚಿದೆ. ಕೇಳಿದವರಿಗೆ ವ್ಯಾನು ಕೆಟ್ಟಿದೆ ಎಂದೆ.

ಬಲ್ಬಿನ ಕಥೆಯನ್ನು ಆ ಮದರ್‌ಗೆ ಹೇಳಿದ್ದು ಸರಿ. ಅದನ್ನು ನನಗೇ ತಿರುಗಿಸಿ ಬರೆಯಬೇಕಾಗಿರಲಿಲ್ಲ. ನನಗೆ ನೆನಪಿದೆ.

ಇನ್ನು ಅವರೇ ನಿನ್ನನ್ನು ಓಡಿಸುತ್ತಾರೆ. ಒಳ್ಳೆಯದೇ ಆಯಿತು. ನಿನ್ನ ಮಂಚದ ಮೇಲಿದ್ದ ಮೂಟೆಗಳನ್ನು ತೆಗೆಸಿದ್ದೇನೆ.

ಅಮ್ಮ


ಆಗಸ್ಟ್ 6

ಬೇಕರಿಯ ಅಮ್ಮನವರಿಗೆ,

ನಾನು ಕತ್ತರಿ. ನಿಮ್ಮ ಮಗಳಿಗೆ ನವೆಂಬರ್ ತನಕ ಪತ್ರ ಬರೆಯುವ ಅನುಮತಿ ಇಲ್ಲ. ಆದ್ದರಿಂದ ಅವಳು ಆರೋಗ್ಯವಾಗಿದ್ದಾಳೆಂದು ತಿಳಿಸುವುದು ನನ್ನ ಪಾಲಿಗೆ ಬಂದಿದೆ. ಇಷ್ಟನ್ನು ಬರೆಯಲು ನನಗೆ ಅಪ್ಪಣೆಯಿದೆ. ಮುಂದಿನದನ್ನು ನಾನಾಗಿ ಬರೆಯುತ್ತಿದ್ದೇನೆ.

ಆ ಗುರುವಾರ ಮಧ್ಯಾಹ್ನ ಮೂವರು ಪಾದ್ರಿಗಳು ಫೋನ್ ಮಾಡಿದರು. ಆಮೇಲೆ ಮದರ್ ತಾವೇ ಫೋನಿನ ಪಕ್ಕದ ಸ್ಟೂಲಿನ ಮೇಲೆ ಕುಳಿತು ಉಳಿದ ನಲವತ್ತಕ್ಕೂ ಕರೆ ಮಾಡಿದರು. ನಿಮ್ಮ ತಮ್ಮನವರು ತಲುಪುವ ಮೊದಲೇ ಹಲವರಿಗೆ ಸುದ್ದಿ ತಲುಪಿತ್ತು. ಕೊನೆಯ ಕರೆಯ ಹೊತ್ತಿಗೆ ಅವರ ದನಿ ಹೋಗಿತ್ತು. ಅವರನ್ನು ಕೆಟ್ಟವರೆಂದು ತಿಳಿಯಬೇಡಿ. ಇಪ್ಪತ್ತೆರಡು ಜನ ಮುದುಕಿಯರನ್ನು ಒಂದು ಸೂರಿನಡಿ ಇಟ್ಟುಕೊಳ್ಳುವವರಿಗೆ ನಿದ್ದೆ ಕಡಿಮೆ.

ನಿಮ್ಮ ತಮ್ಮನವರು ಮೂವತ್ತೆಂಟು ಡಬ್ಬಿ ತಂದು ಮುಟ್ಟಿಸಿದರು. ಪೂಜೆಗೆ ಸಲ್ಲದ್ದನ್ನು ಎಸೆಯಲಾಗದು, ಹಾಗಾಗಿ ಏಳು ವಾರದಿಂದ ಎಲ್ಲರೂ ಕಾಫಿಗೆ ಅದನ್ನೇ ತಿನ್ನುತ್ತಿದ್ದೇವೆ. ನಮ್ಮ ಅಜ್ಜಿ ಸಿಸ್ಟರ್ ಒಬ್ಬರೇ ಅದನ್ನು ಶಿಕ್ಷೆಯೆಂದು ತಿಳಿದಿಲ್ಲ. ಆರು ಚರ್ಚುಗಳು ನಮ್ಮನ್ನು ಬಿಟ್ಟು ಕಾರ್ಖಾನೆಗೆ ಹೋದವು. ಮೂವತ್ತೇಳು ಉಳಿದವು. ಅವುಗಳಲ್ಲೊಂದರ ಪಾದ್ರಿ, 'ಇನ್ನು ಮೇಲೆ ನಿಮ್ಮ ಡಬ್ಬಿ ಕಣ್ಣುಮುಚ್ಚಿ ತಗೋತೀನಿ' ಎಂದರಂತೆ. ಮದರ್ ಇದನ್ನು ನಮಗೆ ಹೇಳಿದ್ದು ಹದಿನೈದು ದಿನ ತಡವಾಗಿ.

ಇನ್ನು ನಿಮ್ಮ ಮಗಳು. ಶುಕ್ರವಾರ ಮೊಣಕಾಲೂರಿ, 'ಹಿಟ್ಟಿಗೆ ಉಪ್ಪು ಹಾಕಿದೆ, ಅದು ತಪ್ಪು. ಮದರ್ ಬೇಡವೆಂದರೂ ಚೀಟಿ ಕಳಿಸಿದೆ' ಎಂದಳು.

'ಎರಡನೇದು ತಪ್ಪಲ್ವಾ?' ಎಂದರು ಮದರ್.

'ಕಳಿಸಿದೆ ಅಂತ ಹೇಳಿದೆ ಮದರ್. ತಪ್ಪು ಅಂತ ಹೇಳಲಿಲ್ಲ.'

ಮುಂದಿನ ಶುಕ್ರವಾರ ಮತ್ತೆ ಹೇಳಿಸಿದರು. ಅದೇ ಮಾತು. ಏಳು ಶುಕ್ರವಾರ ಆಯಿತು. ದನಿ ಏರಿಸುವುದಿಲ್ಲ, ಕಣ್ಣೀರು ಹಾಕುವುದಿಲ್ಲ, ಎದ್ದು ಹೋಗಿ ಅಚ್ಚು ಉಜ್ಜುತ್ತಾಳೆ. ನಾನು ಹತ್ತೊಂಬತ್ತು ವರ್ಷಗಳಿಂದ ಹುಡುಗಿಯರನ್ನು ತಿದ್ದುತ್ತ ಬಂದಿದ್ದೇನೆ. ಬಹಳ ಜನ ಬೇಗ ತಿದ್ದಿಕೊಂಡರು. ಅವರಲ್ಲಿ ಅರ್ಧ ಜನ ಈಗ ಇಲ್ಲಿಲ್ಲ.

ನವೆಂಬರಿನಲ್ಲಿ ಪೆಟ್ಟಿಗೆಗೆ ಕಾಳು ಹಾಕುವ ನಾಲ್ವರು ಹಿರಿಯರಲ್ಲಿ ನಾನೂ ಒಬ್ಬಳು. ಯಾವ ಕಾಳೆಂದು ಹೇಳುವಂತಿಲ್ಲ. ಈ ಪತ್ರವನ್ನು ಓದಿ ಅಂಟಿಸುವವರು ಯಾರೂ ಇಲ್ಲ, ಆದರೂ ಹೇಳುವುದಿಲ್ಲ.

ಕತ್ತರಿ


ನವೆಂಬರ್ 29, ಭಾನುವಾರ

ಅಮ್ಮನಿಗೆ,

ಮೂರು ಕರಿ, ಎರಡು ಬಿಳಿ.

ಉಳಿದಿಬ್ಬರು ಹುಡುಗಿಯರಿಗೆ ಐದೂ ಬಿಳಿ. ಅವರ ಮುಸುಕಿನ ಅಂಚು ಹೊಲಿದವಳು ನಾನು. ಚೆನ್ನಾಗಿ ಬಂದಿದೆ.

ಇದು ಪೂರ್ತಿ ಇಲ್ಲವೆಂದಲ್ಲ ಎಂದರು ಮದರ್. ಆರು ತಿಂಗಳು ಮನೆಯಲ್ಲಿರಬೇಕು. ಅಷ್ಟರಲ್ಲಿ ನಾನು ಬದಲಾದರೆ ಮತ್ತೆ ತೆಗೆದುಕೊಳ್ಳುತ್ತಾರೆ. ಬದಲಾಗಿದ್ದೇನೆಂದು ಹೇಳಬೇಕಾದವಳು ನೀನು. 'ನನ್ನ ಮಗಳು ಈಗ ಹೇಳಿದ ಮಾತು ಕೇಳುತ್ತಾಳೆ' ಎಂದು ನಿನ್ನ ಕೈಬರಹದಲ್ಲಿ ಒಂದು ಪತ್ರ ಬೇಕಂತೆ. ಅದಿಲ್ಲದೆ ಬಾಗಿಲು ತೆಗೆಯುವುದಿಲ್ಲ.

ಬರೆಯದೆ ಇರಲು ನಿನಗೆ ಹಕ್ಕಿದೆ, ಕಾರಣವೂ ಇದೆ. ನನಗಾಗಿ ಸುಳ್ಳು ಮಾತ್ರ ಬರೆಯಬೇಡ. ನಾನು ಆ ಪತ್ರವನ್ನು ತೆಗೆದುಕೊಂಡು ಹೋಗುವುದಿಲ್ಲ.

ಬುಧವಾರ ಬರುತ್ತೇನೆ. ಸೋತು ಬರುತ್ತಿದ್ದಾಳೆಂದು ಚಿಕ್ಕಮ್ಮ ಹೇಳಿದರೆ ಹೇಳಲಿ. ನಾನು ಆರು ತಿಂಗಳ ಮಟ್ಟಿಗೆ ಬರುತ್ತಿದ್ದೇನೆ.

ನಿನ್ನ ಮಗಳು


ಫೆಬ್ರವರಿ 11

ಕಾನ್ವೆಂಟಿನ ಮದರ್ ಅವರಿಗೆ,

ನಮಸ್ಕಾರ. ನಾನು ಬೇಕರಿಯವಳು. ನೀವು ಕೇಳಿದ ಪತ್ರ ಇದು. ಆರು ತಿಂಗಳು ಎಂದಿದ್ದಿರಿ, ಹತ್ತು ವಾರಕ್ಕೇ ಬರೆಯುತ್ತಿದ್ದೇನೆ. ಉಳಿದ ವಾರಗಳಲ್ಲಿ ಬೇರೇನೂ ತಿಳಿಯುವುದು ಇಲ್ಲ.

ಅವಳು ಬಂದ ಮರುದಿನ ಮೂರು ಗಂಟೆಗೆ ಎದ್ದು ತೊಟ್ಟಿಯ ಮುಂದೆ ನಿಂತಳು. ಅವತ್ತಿನಿಂದ ನಮ್ಮ ಬ್ರೆಡ್ಡು ಮತ್ತೆ ಬ್ರೆಡ್ಡಾಗಿದೆ. ಮೇಷ್ಟ್ರು ಕಾಂಪೌಂಡಿನ ಮಾತು ಬಿಟ್ಟಿದ್ದಾರೆ. ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ಅವಳನ್ನು ಇಟ್ಟುಕೊಂಡರೆ ನನಗೆ ಎಷ್ಟು ಲಾಭವೆಂದು ನಿಮಗೆ ತಿಳಿದಿರಬೇಕು.

ಅಂಗಡಿಗೆ ಬಂದವರೆಲ್ಲ ಕೇಳುತ್ತಾರೆ: 'ಓಡಿ ಬಂದ್ಲಾ, ಓಡಿಸಿದ್ರಾ?' ನಾನು ಏನಾದರೂ ಹೇಳಿ ಮುಚ್ಚಬೇಕೆನ್ನುವಷ್ಟರಲ್ಲಿ ಅವಳೇ ಒಳಗಿನಿಂದ, 'ಕಳಿಸಿದ್ರು. ಮತ್ತೆ ಹೋಗ್ತೀನಿ. ನಿಮಗೆ ಎಷ್ಟು ಬನ್ನು?' ಎನ್ನುತ್ತಾಳೆ. ಅವಳ ಚಿಕ್ಕಮ್ಮ ಒಂದು ಗಂಡು ನೋಡಿಕೊಂಡು ಬಂದಳು, ಒಳ್ಳೆಯ ಮನೆತನ. ಹುಡುಗನನ್ನು ಕೂರಿಸಿ ಇವಳು ಕಾಫಿ ಕೊಟ್ಟು, ನಿಮ್ಮಿಂದ ಬಂದವಳೆಂದೂ ನಿಮ್ಮಲ್ಲಿಗೇ ಹೋಗುವವಳೆಂದೂ ಹೇಳಿ, ಅವನಿಗೆ ದಾರಿಗೆ ಎರಡು ಬ್ರೆಡ್ಡು ಕಟ್ಟಿಕೊಟ್ಟಳು. ಅವನು ಈಗ ನಮ್ಮ ಖಾಯಂ ಗಿರಾಕಿ. ಮೊನ್ನೆ ನನ್ನ ತಮ್ಮ ಹಿಂದಿನ ದಿನದ ಬ್ರೆಡ್ಡನ್ನು ಇವತ್ತಿನದೆಂದು ಒಬ್ಬ ಮುದುಕನಿಗೆ ಕೊಡುತ್ತಿದ್ದ. 'ಮಾವ, ಅದು ನಿನ್ನೇದು' ಎಂದು ಎಲ್ಲರೆದುರು ಕೂಗಿದಳು. ಮಾವ ಎರಡು ದಿನ ಮಾತು ಬಿಟ್ಟ. ಇವಳು ಮೂರನೆಯ ದಿನವೂ ಬಿಟ್ಟುಕೊಡಲಿಲ್ಲ, ಅವನೇ ಬಂದ.

ಹೋದ ಭಾನುವಾರ ಅಂಗಡಿಯ ಬೀಗದ ಕೈ ತಂದು ಅವಳ ಮುಂದೆ ಇಟ್ಟೆ. ಹೇಳುವುದನ್ನು ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಅವಳು ಅದನ್ನು ನೋಡಿದಳು, ಮುಟ್ಟಲಿಲ್ಲ.

'ಅಲ್ಲೇನಿದೆ ಕೆಂಡಾ? ನಾಲ್ಕು ಗೋಡೆ, ಬೈಯೋಕೆ ಒಬ್ಬಳು ಮದರ್ರು. ಅದು ಇಲ್ಲೂ ಇದೆ.'

'ಇಲ್ಲಿ ಮಾಡಿದ ಬ್ರೆಡ್ಡು ಯಾರ ಮನೆಗೆ ಹೋಗುತ್ತೆ ಅಂತ ನನಗೆ ಗೊತ್ತಮ್ಮ. ಎಲ್ಲರ ಮುಖವೂ ಗೊತ್ತು. ಅಲ್ಲಿ ಒಬ್ಬರೂ ಗೊತ್ತಿಲ್ಲ. ಗೊತ್ತಿಲ್ಲದವರಿಗೆ ಮಾಡಬೇಕು ನಾನು.'

ನನಗೆ ಇದು ಪೂರ್ತಿ ಅರ್ಥವಾಗಲಿಲ್ಲ. ನಿಮಗೆ ಆಗಬಹುದು, ಆಗದಿದ್ದರೆ ನಿಮ್ಮ ಕತ್ತರಿ ಸಿಸ್ಟರನ್ನು ಕೇಳಿ. ನಾನು ಬೀಗದ ಕೈ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಈಗ ನೀವು ಕೇಳಿದ ಮಾತಿಗೆ ಬರುತ್ತೇನೆ. ನನ್ನ ಮಗಳು ಬದಲಾಗಿಲ್ಲ. ಹೇಳಿದ ಮಾತನ್ನು ಕೇಳುತ್ತಾಳೆ, ಸರಿಯಿದ್ದರೆ ಮಾಡುತ್ತಾಳೆ, ಇಲ್ಲದಿದ್ದರೆ ನಿಮ್ಮ ಮುಖ ನೋಡಿಯೇ ಇಲ್ಲವೆನ್ನುತ್ತಾಳೆ. ನಿಮ್ಮ ಹತ್ತಿರ ಹನ್ನೊಂದು ತಿಂಗಳು ಇದ್ದಳು, ನನ್ನ ಹತ್ತಿರ ಇಪ್ಪತ್ತೆರಡು ವರ್ಷ. ನನ್ನಿಂದ ಆಗದ್ದು ಆರು ತಿಂಗಳಲ್ಲಿ ಆಗಲಿ ಎಂದು ನೀವು ಕಾಯುತ್ತಿದ್ದರೆ, ಮದರ್, ನಿಮಗಿಂತ ದೊಡ್ಡ ಭಕ್ತೆಯನ್ನು ನಾನು ಕಂಡಿಲ್ಲ.

ನನ್ನ ಅಂಗಡಿಯಲ್ಲೊಂದು ಪದ್ಧತಿಯಿದೆ. ಹಾಳಾದ ಮಾಲನ್ನು ಯಾರು ತಂದರೂ, ಯಾವಾಗ ತಂದರೂ ವಾಪಸು ತೆಗೆದುಕೊಳ್ಳುತ್ತೇನೆ. ಚೆನ್ನಾಗಿರುವುದನ್ನು ತೆಗೆದುಕೊಳ್ಳುವುದಿಲ್ಲ. ನೀವು ಕಳಿಸಿದ್ದನ್ನು ಹತ್ತು ವಾರ ತಿರುಗಿಸಿ ಮುರುಗಿಸಿ ನೋಡಿದೆ. ಹಾಳಾಗಿಲ್ಲ.

ನನಗೆ ಸಿಟ್ಟಿದೆ. ನಿಮ್ಮ ಮೇಲಿದೆ, ಅವಳ ಮೇಲಿದೆ, ನಿಮ್ಮಿಬ್ಬರನ್ನೂ ಕೂಡಿಸಿದವನ ಮೇಲೂ ಇದೆ. ಅವಳು ಇಲ್ಲಿರಬೇಕೆಂದು ಬೇಡಿಕೊಳ್ಳುವುದನ್ನೂ ನಾನು ನಿಲ್ಲಿಸಿಲ್ಲ, ಅದನ್ನೂ ಮುಚ್ಚಿಡುವುದಿಲ್ಲ. ಆದರೆ 'ಬದಲಾಗಿದ್ದಾಳೆ' ಎಂದು ಬರೆದರೆ ಅವಳು ಹೋಗುವುದಿಲ್ಲ, 'ಬದಲಾಗಿಲ್ಲ' ಎಂದು ಬರೆದರೆ ನೀವು ತೆಗೆದುಕೊಳ್ಳುವುದಿಲ್ಲ ಎಂದಾದಾಗ, ನನಗೆ ಅನುಕೂಲವಾದದ್ದು ಯಾವುದೆಂದು ಮೂರು ದಿನ ಯೋಚಿಸಿದೆ. ಏನೂ ಬರೆಯದೆ ಸುಮ್ಮನಿದ್ದರೆ ಸಾಕಾಗಿತ್ತು. ನನ್ನಿಂದ ಆಗಲಿಲ್ಲ.

ಈ ಪತ್ರವನ್ನು ಅವಳಿಗೆ ತೋರಿಸಿದ್ದೇನೆ. ಅಕ್ಷರ ತಪ್ಪು ಎರಡು ತಿದ್ದಿದಳು. ಒಳಗೆ ಹೋಗಿ ಬಹಳ ಹೊತ್ತು ತೊಟ್ಟಿ ತೊಳೆದಳು.

ಬರುವ ಸೋಮವಾರ ಬೆಳಗ್ಗೆ ಅವಳು ನಿಮ್ಮ ಬಾಗಿಲಲ್ಲಿರುತ್ತಾಳೆ. ನೀವು ತೆಗೆಯದಿದ್ದರೆ ಗಲಾಟೆ ಮಾಡುವುದಿಲ್ಲ, ಅಳುವುದಿಲ್ಲ, ಗಂಟೆಯನ್ನು ಎರಡನೆಯ ಸಲ ಒತ್ತುವುದೂ ಇಲ್ಲ. ನಿಂತಿರುತ್ತಾಳೆ. ಎಷ್ಟು ದಿನ ನಿಲ್ಲಬಲ್ಲಳೆಂದು ನನಗೆ ಗೊತ್ತು. ಏಳು ಶುಕ್ರವಾರ ಅವಳನ್ನು ನೋಡಿದ ನಿಮಗೂ ಗೊತ್ತು.

ಅವಳ ಅಮ್ಮ